ಐಟಿಆರ್-ವಿ ಬೆಂಗಳೂರಿಗೆ ತಡವಾಗಿ ತಲುಪಿತು, ಈಗೇನು ಮಾಡಬೇಕು?

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕ. 2024-25ನೇ ಹಣಕಾಸು ವರ್ಷದ ನನ್ನ ಆದಾಯ ತೆರಿಗೆ ರಿಟರ್ನನ್ನು ತೆರಿಗೆ ಸಲಹೆಗಾರರೊಬ್ಬರು 2025ರ ಸೆಪ್ಟೆಂಬರ್ 12ರಂದು ಅಪ್‌ಲೋಡ್ ಮಾಡಿಕೊಟ್ಟರು. ಆಧಾರ್‌ಗೆ ಜೋಡಿಸಿದ್ದ ಹಳೆಯ ಮೊಬೈಲ್ ನಂಬರು ಈಗ ಚಾಲ್ತಿಯಲ್ಲಿಲ್ಲದ ಕಾರಣ ರಿಟರ್ನ್ ದೃಢೀಕರಿಸಲು ಬೇಕಾದ ಒಟಿಪಿ ಬರಲಿಲ್ಲ. ಆಗ ಅವರು, ಒಟಿಪಿಯ ಬದಲು ಸಹಿ ಮಾಡಿ ಕಳುಹಿಸುವ ದೃಢೀಕರಣದ ಹಾಳೆಯಾದ ಐಟಿಆರ್-ವಿ ಪ್ರಿಂಟ್ ತೆಗೆದು ಕೊಟ್ಟು, ‘ಸಹಿ ಮಾಡಿ ಬೆಂಗಳೂರಿಗೆ ಸ್ಪೀಡ್ ಪೋಸ್ಟ್ ಮಾಡಿ, ತಿಂಗಳೊಳಗೆ ಹಾಕಿದರೆ ಸಾಕು, ರಸೀದಿಯಲ್ಲಿರುವ ತಾರೀಖೇ ಲೆಕ್ಕ’ ಎಂದರು. ಸೆಪ್ಟೆಂಬರ್ 22ರಿಂದ ನನ್ನನ್ನು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಗಣತಿದಾರನಾಗಿ ನೇಮಿಸಿದ್ದರಿಂದ ಬಿಡುವೇ ಆಗದೆ, ಕೊನೆಗೆ ಅಕ್ಟೋಬರ್ 6ರ ಸಂಜೆ ಅಂಚೆಗೆ ಹಾಕಿದೆ. ಲಕೋಟೆ 10ರಂದು ಬೆಂಗಳೂರು ತಲುಪಿ, 13ರಂದು ಬಟವಾಡೆಯಾಯಿತೆಂದು ಟ್ರ್ಯಾಕಿಂಗ್‌ನಲ್ಲಿದೆ. ‘30 ದಿನ 12ಕ್ಕೇ ಮುಗಿಯಿತು, ನಿಮ್ಮ ರಿಟರ್ನ್ ರದ್ದು, ಇನ್ನು ದಂಡ, ಶಾಲೆಗೇ ನೋಟಿಸು’ ಎಂದು ಸಹೋದ್ಯೋಗಿಗಳು ಹೆದರಿಸುತ್ತಿದ್ದಾರೆ. ನನಗೆ ಗೃಹಸಾಲವಿದ್ದು, ಹಳೆಯ ತೆರಿಗೆ ಪದ್ಧತಿಯಂತೆಯೇ ಸಂಬಳದಲ್ಲಿ ಟಿಡಿಎಸ್ ಹಿಡಿದಿದ್ದಾರೆ. ವಾರ್ಷಿಕ ಸಂಬಳ ಸುಮಾರು ಒಂಬತ್ತೂವರೆ ಲಕ್ಷ. ತಡವಾಗಿದ್ದು ಅಂಚೆಯಲ್ಲಿ, ನಾನೇಕೆ ಅದಕ್ಕೆ ಬೆಲೆ ತೆರಬೇಕು? ದಯವಿಟ್ಟು ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರವನ್ನೂ ಜೊತೆಗಿಟ್ಟಿರುವ ಟ್ರ್ಯಾಕಿಂಗ್ ಪ್ರತಿಯನ್ನೂ ಎರಡು ಸಲ ಓದಿದೆ. ನೀವು ಕೇಳಿರುವುದರಲ್ಲಿ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಅಂಚೆಗೆ ಹಾಕಿದ ದಿನ ಲೆಕ್ಕಕ್ಕೆ ಬರುತ್ತದೆಯೋ ತಲುಪಿದ ದಿನವೋ ಎಂಬುದು ಮೊದಲನೆಯದು. ತಡವಾಗಿದ್ದರೆ ನಿಜವಾಗಿ ಎಷ್ಟು ನಷ್ಟ ಎಂಬುದು ಎರಡನೆಯದು. ಆ ನಷ್ಟವನ್ನು ತಪ್ಪಿಸಲು ಇನ್ನೂ ಅವಕಾಶವಿದೆಯೇ ಎಂಬುದು ಮೂರನೆಯದು. ಅವಕಾಶವಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆದರೆ ಅದಕ್ಕೆ 2025ರ ಡಿಸೆಂಬರ್ 31ರ ಗಡುವಿದೆ. ನಾನಿದನ್ನು ಬರೆಯುತ್ತಿರುವ ನವೆಂಬರ್ ಮೊದಲ ವಾರದಿಂದ ಎಣಿಸಿದರೆ ನಿಮ್ಮ ಕೈಯಲ್ಲಿ ಎರಡು ತಿಂಗಳೂ ಇಲ್ಲ.

ನಿಮ್ಮ ಸಲಹೆಗಾರರು ಹೇಳಿದ್ದು ಕಟ್ಟುಕಥೆಯಲ್ಲ, ಅದು ಹಳೆಯ ನಿಯಮ. ಈ ನಿಯಮ ಕಡಿಮೆ ಅವಧಿಯಲ್ಲಿ ಎರಡು ಸಲ ಬದಲಾದದ್ದೇ ಗೊಂದಲದ ಮೂಲ. ಮೊದಲು ರಿಟರ್ನ್ ಅಪ್‌ಲೋಡ್ ಮಾಡಿದ ಮೇಲೆ ಅದನ್ನು ದೃಢೀಕರಿಸಲು 120 ದಿನಗಳ ಕಾಲಾವಕಾಶವಿತ್ತು. 2022ರ ಆಗಸ್ಟ್ 1ರಿಂದ ಅದನ್ನು 30 ದಿನಕ್ಕೆ ಇಳಿಸಿದರು, ಆದರೆ ಆಗ ಹೊರಡಿಸಿದ ಅಧಿಸೂಚನೆಯಲ್ಲಿ ಸ್ಪೀಡ್ ಪೋಸ್ಟ್ ಮಾಡಿದ ದಿನವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ಸ್ಪಷ್ಟವಾಗಿ ಬರೆದಿದ್ದರಿಂದ, ಮೂವತ್ತನೆಯ ದಿನ ಸಂಜೆ ಕೌಂಟರಿನಲ್ಲಿ ರಸೀದಿ ಹರಿಸಿಕೊಂಡವರಿಗೂ ತೊಂದರೆಯಾಗುತ್ತಿರಲಿಲ್ಲ. 2024ರ ಮಾರ್ಚ್ 31ರಂದು ಬಂದ, ಮರುದಿನದಿಂದಲೇ ಜಾರಿಯಾದ ಅಧಿಸೂಚನೆ ಈ ಒಂದು ಅಂಶವನ್ನು ತಿರುಗಿಸಿ ಹಾಕಿತು. ಸಹಿ ಮಾಡಿದ ಐಟಿಆರ್-ವಿ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ, ಅಂದರೆ ನಾವೆಲ್ಲ ಸಿಪಿಸಿ ಎಂದು ಕರೆಯುವ ಕಚೇರಿಗೆ, ತಲುಪಿದ ದಿನವನ್ನೇ 30 ದಿನದ ಎಣಿಕೆಗೆ ಪರಿಗಣಿಸಲಾಗುವುದು ಎಂದು ಅದರಲ್ಲಿದೆ. 30 ದಿನ ಎಂಬ ಸಂಖ್ಯೆ ಬದಲಾಗದೆ ಹಾಗೆಯೇ ಉಳಿದದ್ದರಿಂದ, ಅದರೊಳಗಿನ ಅರ್ಥ ಬದಲಾದದ್ದು ಅನೇಕರ ಕಣ್ಣಿಗೆ ಬೀಳಲಿಲ್ಲ. ದಾವಣಗೆರೆಯಲ್ಲಿ ನನ್ನ ಬಳಿಗೆ ಬರುವವರಲ್ಲಿ ಇಂದಿಗೂ ಅರ್ಧದಷ್ಟು ಜನ ರಸೀದಿಯ ತಾರೀಖನ್ನೇ ತೋರಿಸುತ್ತಾರೆ.

ಅಂಚೆಗೆ ಹಾಕಿದರೆ ಮುಟ್ಟಿಸಿದಂತೆಯೇ ಎಂಬ ನಂಬಿಕೆಗೆ ಕಾನೂನಿನಲ್ಲೂ ಒಂದು ಬೇರಿದೆ. 1954ರಲ್ಲಿ ಓಗಲೆ ಗ್ಲಾಸ್ ವರ್ಕ್ಸ್ ಎಂಬ ಕಂಪನಿಯ ಆದಾಯ ತೆರಿಗೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಚೆಕ್ಕನ್ನು ಅಂಚೆಯಲ್ಲಿ ಕಳುಹಿಸುವಂತೆ ಪಡೆಯುವವನೇ ಕೇಳಿಕೊಂಡಿದ್ದರೆ ಅಂಚೆ ಕಚೇರಿ ಅವನ ಪ್ರತಿನಿಧಿಯಾಗುತ್ತದೆ, ಆದ್ದರಿಂದ ಚೆಕ್ಕು ಅಂಚೆಗೆ ಬಿದ್ದ ಸ್ಥಳದಲ್ಲೇ ಪಾವತಿಯಾದಂತೆ ಎಂದು ಹೇಳಿತ್ತು. ಹಣ ಪಾವತಿಯ ವಿಷಯದಲ್ಲಿ ಈ ತತ್ವವನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಆದರೆ ನಿಮ್ಮ ವಿಷಯದಲ್ಲಿ ‘ತಲುಪಿದ ದಿನ’ ಎಂದು ಅಧಿಸೂಚನೆಯೇ ಬಾಯಿಬಿಟ್ಟು ಹೇಳಿರುವಾಗ, ಸಾಮಾನ್ಯ ತತ್ವವನ್ನು ಮುಂದೊಡ್ಡಿ ಗೆಲ್ಲುವುದು ಕಷ್ಟ. ಅದನ್ನು ನೆಚ್ಚಿಕೊಂಡು ಕೂರಬೇಡಿ.

ಇನ್ನು ನಿಮ್ಮ ದಿನಗಳನ್ನು ಎಣಿಸೋಣ. ಸೆಪ್ಟೆಂಬರ್ 12ರಂದು ಅಪ್‌ಲೋಡ್ ಆಗಿದೆ. ಆ ದಿನವನ್ನು ಬಿಟ್ಟು ಎಣಿಸಿದರೆ ಮೂವತ್ತನೆಯ ದಿನ ಅಕ್ಟೋಬರ್ 12, ಅಂದರೆ ಭಾನುವಾರ. ಅದರ ಹಿಂದಿನ ದಿನ, 11, ತಿಂಗಳ ಎರಡನೆಯ ಶನಿವಾರ. ನಿಮ್ಮ ಲಕೋಟೆ ಶುಕ್ರವಾರ 10ರ ರಾತ್ರಿ ಬೆಂಗಳೂರಿನ ವಿಂಗಡಣಾ ಕೇಂದ್ರದಲ್ಲಿತ್ತು, ಸೋಮವಾರ ಬೆಳಿಗ್ಗೆ ಬಟವಾಡೆಯಾಗಿದೆ. ನೀವು ಹೆದರಿಕೆಯಲ್ಲಿ ಗಮನಿಸದೆ ಬಿಟ್ಟಿರುವ, ನನ್ನ ದೃಷ್ಟಿಯಲ್ಲಿ ನಿಮ್ಮ ಪರವಾಗಿ ಬಹಳ ಗಟ್ಟಿಯಾಗಿ ನಿಲ್ಲುವ ಅಂಶ ಇದೇ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಕೇಂದ್ರ ಕಾಯ್ದೆಯೊಂದರ ಅಡಿಯಲ್ಲಿ ನಿಗದಿತ ಅವಧಿಯೊಳಗೆ ಒಂದು ಕಚೇರಿಯಲ್ಲಿ ಮಾಡಬೇಕಾದ ಕೆಲಸದ ಕೊನೆಯ ದಿನ ಆ ಕಚೇರಿ ಮುಚ್ಚಿದ್ದರೆ, ಅದು ಮತ್ತೆ ತೆರೆಯುವ ಮೊದಲ ದಿನ ಮಾಡಿದರೂ ಸಕಾಲದಲ್ಲಿ ಮಾಡಿದಂತೆಯೇ. ರಿಟರ್ನ್ ಸಲ್ಲಿಸುವ ಕೊನೆಯ ದಿನ ರಜೆಯಾಗಿದ್ದ ಸಂದರ್ಭಕ್ಕೆ ಇದೇ ನಿಯಮವನ್ನು ಅನ್ವಯಿಸಬೇಕೆಂದು ನೇರ ತೆರಿಗೆ ಮಂಡಳಿಯೇ 1992ರಲ್ಲಿ ಸುತ್ತೋಲೆ ಹೊರಡಿಸಿದೆ. ಐಟಿಆರ್-ವಿ ತಲುಪುವಿಕೆಗೂ ಇದು ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಇದನ್ನು ಒಪ್ಪಲೇಬೇಕೆಂಬ ಖಾತರಿಯನ್ನು ನಾನು ಕೊಡಲಾರೆ. ಸಿಪಿಸಿಯಲ್ಲಿ ದಿನಗಳನ್ನು ಎಣಿಸುವುದು ತಂತ್ರಾಂಶ, ಅದು ಭಾನುವಾರ ಯಾವುದೆಂದು ವಿಚಾರಿಸದೆ ತಾರೀಖನ್ನಷ್ಟೇ ನೋಡುವ ಸಾಧ್ಯತೆ ಇದೆ, ಆದ್ದರಿಂದ ಈ ಮಾತನ್ನು ನೀವೇ ಬರವಣಿಗೆಯಲ್ಲಿ ಅವರ ಗಮನಕ್ಕೆ ತರಬೇಕು.

ಈಗ ನಷ್ಟದ ವಿಷಯ. ಜನ ಸಾಮಾನ್ಯವಾಗಿ ₹5,000 ವಿಳಂಬ ಶುಲ್ಕದ ಬಗ್ಗೆ ಮಾತ್ರ ಯೋಚಿಸುತ್ತಾರೆ. 1961ರ ಆದಾಯ ತೆರಿಗೆ ಕಾಯ್ದೆಯ 234ಎಫ್ ಸೆಕ್ಷನ್ ಪ್ರಕಾರ ಒಟ್ಟು ಆದಾಯ ₹5 ಲಕ್ಷ ದಾಟಿದವರಿಗೆ ಅಷ್ಟು ಶುಲ್ಕ, ಅದಕ್ಕಿಂತ ಕಡಿಮೆ ಇರುವವರಿಗೆ ₹1,000 ಮೀರದಷ್ಟು. ನಿಮ್ಮಂಥವರಿಗೆ ನಿಜವಾದ ಪೆಟ್ಟು ಬೀಳುವುದು ಬೇರೆ ಕಡೆ. ಈ ಸಲ ರಿಟರ್ನ್ ಸಲ್ಲಿಸುವ ಗಡುವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಕೊನೆಯ ಗಳಿಗೆಯಲ್ಲಿ 16ಕ್ಕೆ ಮುಂದೂಡಿದ್ದರು. ನೀವು ಅಪ್‌ಲೋಡ್ ಮಾಡಿದ್ದು ಅದರೊಳಗೇ. ದೃಢೀಕರಣ 30 ದಿನದೊಳಗೆ ಆಗಿದ್ದರೆ ಅಪ್‌ಲೋಡ್ ಮಾಡಿದ ದಿನವೇ ರಿಟರ್ನ್ ಸಲ್ಲಿಸಿದ ದಿನವಾಗುತ್ತದೆ. ಅವಧಿ ಮೀರಿದರೆ ದೃಢೀಕರಣ ಆದ ದಿನವೇ ಸಲ್ಲಿಸಿದ ದಿನವಾಗಿಬಿಡುತ್ತದೆ. ಆಗ ನಿಮ್ಮ ರಿಟರ್ನು ಅಕ್ಟೋಬರ್ 13ರಂದು ಸಲ್ಲಿಸಿದ, ಗಡುವು ದಾಟಿದ ರಿಟರ್ನು. ಸಂಬಳದಾರರು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಳ್ಳುವ ಅವಕಾಶ ಗಡುವಿನೊಳಗೆ ಸಲ್ಲಿಸಿದ ರಿಟರ್ನಿಗೆ ಮಾತ್ರ ಇರುವುದರಿಂದ, ತಡವಾದ ರಿಟರ್ನನ್ನು ಹೊಸ ಪದ್ಧತಿಯಲ್ಲೇ ಲೆಕ್ಕ ಹಾಕುತ್ತಾರೆ.

ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಒಂದು ಸ್ಥೂಲ ಲೆಕ್ಕ ಮಾಡಿ ನೋಡಿದೆ, ವೃತ್ತಿ ತೆರಿಗೆಯಂಥ ಸಣ್ಣ ಬಾಬತ್ತುಗಳನ್ನು ಬಿಟ್ಟಿದ್ದೇನೆ. ₹9,50,000 ಸಂಬಳದಲ್ಲಿ ಹಳೆಯ ಪದ್ಧತಿಯಂತೆ ₹50,000 ಸ್ಟಾಂಡರ್ಡ್ ಡಿಡಕ್ಷನ್, ಗೃಹಸಾಲದ ಬಡ್ಡಿ ₹2,00,000, ಕೆಜಿಐಡಿ (ರಾಜ್ಯ ಸರ್ಕಾರಿ ನೌಕರರ ವಿಮೆ), ಎಲ್‌ಐಸಿ, ಸಾಲದ ಅಸಲು ಎಲ್ಲ ಸೇರಿ ₹1,50,000, ಆರೋಗ್ಯ ವಿಮೆ ₹25,000 ಕಳೆದರೆ ಉಳಿಯುವುದು ₹5,25,000. ಅದರ ಮೇಲಿನ ತೆರಿಗೆ ಸೆಸ್ ಸೇರಿ ₹18,200. ಹೊಸ ಪದ್ಧತಿಯಲ್ಲಿ ₹75,000 ಸ್ಟಾಂಡರ್ಡ್ ಡಿಡಕ್ಷನ್ ಒಂದೇ ಸಿಗುವುದು. ₹8,75,000ಕ್ಕೆ ತೆರಿಗೆ ಸೆಸ್ ಸೇರಿ ₹39,000 ಆಗುತ್ತದೆ. ವ್ಯತ್ಯಾಸ ₹20,800. ಅದಕ್ಕೆ ವಿಳಂಬ ಶುಲ್ಕ ಸೇರಿದರೆ ₹25,800, ಮೇಲೆ ಬಾಕಿ ತೆರಿಗೆಗೆ ತಿಂಗಳಿಗೆ ಶೇ 1ರಂತೆ ಬಡ್ಡಿ. ಕೆಲವೇ ಗಂಟೆ ತಡವಾಗಿ ಮುಟ್ಟಿದ ಒಂದು ಹಾಳೆಗೆ ಇಷ್ಟು ಬೆಲೆ. ನೀವು ಸುಮ್ಮನಿರಬಾರದು ಎಂದು ನಾನು ಒತ್ತಿ ಹೇಳುತ್ತಿರುವುದು ಈ ಕಾರಣಕ್ಕೆ.

ವ್ಯಾಪಾರಿಗಳಿಗೆ ಈ ಪೆಟ್ಟು ಇನ್ನೊಂದು ರೂಪದಲ್ಲಿ ಬೀಳುತ್ತದೆ. ನಮ್ಮ ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ವ್ಯಾಪಾರಿಯೊಬ್ಬರು 2024ರಲ್ಲಿ ಗಡುವಿಗೆ ಎರಡು ದಿನ ಮೊದಲು, ಜುಲೈ 29ರಂದು, ನಷ್ಟ ತೋರಿಸಿದ ರಿಟರ್ನ್ ಅಪ್‌ಲೋಡ್ ಮಾಡಿಸಿದ್ದರು. ಐಟಿಆರ್-ವಿಯನ್ನು ಆಗಸ್ಟ್ 22ರಂದು ಸಾಮಾನ್ಯ ಅಂಚೆಯಲ್ಲಿ ಕಳುಹಿಸಿದರು. ಅದು ಯಾವಾಗ ಹೊರಟಿತು, ಯಾವಾಗ ತಲುಪಿತು ಎಂದು ತೋರಿಸುವ ಒಂದು ಚೀಟಿಯೂ ಅವರ ಬಳಿ ಇರಲಿಲ್ಲ, ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಮಾತ್ರ ಸೆಪ್ಟೆಂಬರ್ ತಿಂಗಳ ತಾರೀಖು ಬಂದಿತ್ತು. ಗಡುವಿನೊಳಗೆ ಸಲ್ಲಿಸದ ರಿಟರ್ನಿನಲ್ಲಿ ವ್ಯಾಪಾರದ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯುವ ಹಕ್ಕಿಲ್ಲ. ಅವರ ಪರವಾಗಿ ವಿಳಂಬ ಮನ್ನಾ ಅರ್ಜಿ ಹಾಕಿದೆವು, ಅದು ಮಂಜೂರಾಗುವ ವೇಳೆಗೆ ಏಳು ತಿಂಗಳು ಕಳೆದಿತ್ತು. ಆ ಏಳು ತಿಂಗಳು ಅವರು ಪ್ರತಿ ಸೋಮವಾರ ಕಚೇರಿಗೆ ಬಂದು ‘ಏನಾಯ್ತು ಆಡಿಟರೇ?’ ಎಂದು ಕೇಳಿ ಹೋಗುತ್ತಿದ್ದದ್ದು ನನಗೆ ನೆನಪಿದೆ. ನಿಮ್ಮ ಬಳಿ ಸ್ಪೀಡ್ ಪೋಸ್ಟ್ ದಾಖಲೆ ಇದೆ ಎಂಬುದು ದೊಡ್ಡ ಆಸರೆ.

ನಿಮ್ಮ ಸಹೋದ್ಯೋಗಿಗಳ ಮಾತಿಗೆ ಬರುತ್ತೇನೆ. ರಿಟರ್ನ್ ತಾನಾಗಿಯೇ ರದ್ದಾಗಿದೆ ಎನ್ನುವುದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಅವಧಿಯೊಳಗೆ ದೃಢೀಕರಣವಾಗದ ರಿಟರ್ನ್ ಅಸಿಂಧು ಎಂದು ಅಧಿಸೂಚನೆಯಲ್ಲಿದೆ. ತಡವಾಗಿ ದೃಢೀಕರಣವಾದರೆ ಆ ದಿನವನ್ನೇ ಸಲ್ಲಿಕೆಯ ದಿನವೆಂದು ಪರಿಗಣಿಸುವ ಮಾತೂ ಅದರಲ್ಲೇ ಇದೆ. ಹೀಗಾಗಿ ನಿಮ್ಮ ರಿಟರ್ನ್ ಇವೆರಡರಲ್ಲಿ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಪೋರ್ಟಲ್ ನೋಡಿಯೇ ತಿಳಿಯಬೇಕು. ಶಾಲೆಗೆ ನೋಟಿಸು ಬರುತ್ತದೆ ಎಂಬುದು ಆಧಾರವಿಲ್ಲದ ಹೆದರಿಕೆ, ಇದು ನಿಮ್ಮ ವೈಯಕ್ತಿಕ ರಿಟರ್ನು, ಪತ್ರವ್ಯವಹಾರವೆಲ್ಲ ನಿಮ್ಮ ಪೋರ್ಟಲ್ ಖಾತೆಗೂ ಇಮೇಲ್‌ಗೂ ಬರುತ್ತದೆ. ರಿಟರ್ನನ್ನೇ ಬೇಕೆಂದು ಸಲ್ಲಿಸದವರ ಮೇಲೆ ಮೊಕದ್ದಮೆ ಹೂಡಲು ಕಾಯ್ದೆಯಲ್ಲಿ ಅವಕಾಶವಿರುವುದು ನಿಜ, ಆದರೆ ಕರನಿರ್ಧರಣಾ ವರ್ಷ, ಅಂದರೆ ಆದಾಯ ಗಳಿಸಿದ ಹಣಕಾಸು ವರ್ಷದ ಮರುವರ್ಷ, ಮುಗಿಯುವುದರೊಳಗೆ ರಿಟರ್ನ್ ಸಲ್ಲಿಸಿದವರಿಗೆ ಅದು ತಗಲುವುದಿಲ್ಲ. ಆ ಚಿಂತೆ ಬಿಡಿ.

ಅಂಚೆ ತಡ ಮಾಡಿದ್ದಕ್ಕೆ ತಾನೇಕೆ ಹೊಣೆ ಎಂಬ ನಿಮ್ಮ ನೋವು ನನಗೆ ಅರ್ಥವಾಗುತ್ತದೆ, ಆದರೂ ದಾಖಲೆಯಲ್ಲಿ ಕಾಣುವುದನ್ನು ಹೇಳದೆ ಇರಲಾರೆ. ನೀವು 6ರಂದು ಸಂಜೆ ಕೊಟ್ಟ ಲಕೋಟೆ ಟ್ರ್ಯಾಕಿಂಗ್ ಪ್ರಕಾರ ಹೊರಟದ್ದು 7ರಂದು. ತಾಲ್ಲೂಕು ಕೇಂದ್ರಗಳ ಅಂಚೆ ಕಚೇರಿಗಳಲ್ಲಿ ಆ ದಿನದ ಚೀಲ ಕಟ್ಟಿ ವಾಹನಕ್ಕೆ ಏರಿಸಿದ ಮೇಲೆ ಬುಕ್ಕಾದ ಟಪಾಲು ಮರುದಿನದ ಚೀಲಕ್ಕೆ ಸೇರುತ್ತದೆ. ರಸೀದಿಯ ಮೇಲೆ ಮಾತ್ರ ಹಿಂದಿನ ದಿನದ ತಾರೀಖೇ ಇರುತ್ತದೆ. ಅಲ್ಲಿಂದ ವಿಂಗಡಣೆಯ ಹಂತಗಳನ್ನು ದಾಟಿ ಬೆಂಗಳೂರು ಸೇರಿ, ಶನಿವಾರ, ಭಾನುವಾರ ಕಳೆದು ಬಟವಾಡೆಯಾಗಿದೆ. ಚಿತ್ರದುರ್ಗದಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರಿನ ಆಸುಪಾಸಿನ ದಾರಿ, ಬಸ್ಸು ಹತ್ತಿದರೆ ಅರ್ಧ ದಿನವೂ ಬೇಡ, ಆದ್ದರಿಂದಲೇ ಒಂದು ವಾರ ಹಿಡಿಯಬಹುದೆಂದು ಯಾರೂ ಊಹಿಸುವುದಿಲ್ಲ. ಅಂಚೆಯಿಂದ ಪರಿಹಾರ ಕೇಳುವ ದಾರಿಯಲ್ಲಿ ಹೆಚ್ಚು ಸಿಗುವುದಿಲ್ಲ. 2024ರ ಜೂನ್ 18ರಿಂದ ಜಾರಿಯಲ್ಲಿರುವ ಹೊಸ ಅಂಚೆ ಕಾಯ್ದೆಯೂ ಹಿಂದಿನ 1898ರ ಕಾಯ್ದೆಯಂತೆ ಸೇವೆಯ ಲೋಪಕ್ಕೆ ಹೊಣೆಯನ್ನು ನಿಯಮಗಳಲ್ಲಿ ಹೇಳಿದಷ್ಟಕ್ಕೇ ಸೀಮಿತಗೊಳಿಸಿದೆ. ಸ್ಪೀಡ್ ಪೋಸ್ಟ್ ತಡವಾದರೆ ಸಿಗುವುದು ಅಂಚೆ ಶುಲ್ಕದ ಲೆಕ್ಕದ ಸಣ್ಣ ಮೊತ್ತ, ನಿಮ್ಮ ₹25,800ಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗಿದ್ದರೂ ಅಂಚೆ ಇಲಾಖೆಯ ಪೋರ್ಟಲ್‌ನಲ್ಲಿ ಒಂದು ದೂರು ದಾಖಲಿಸಿ. ಹಣಕ್ಕಾಗಿ ಅಲ್ಲ, ಲಕೋಟೆ ಎಂದು ಎಲ್ಲಿತ್ತು ಎಂಬುದನ್ನು ಹೇಳುವ ಅಧಿಕೃತ ಉತ್ತರ ಬಂದರೆ ಅದೇ ನಿಮಗೊಂದು ಸಾಕ್ಷ್ಯ.

ಇನ್ನು ಮಾಡಬೇಕಾದ ಕೆಲಸ. ಇಂದೇ ಸ್ಪೀಡ್ ಪೋಸ್ಟ್ ರಸೀದಿಯನ್ನು ಹುಡುಕಿ ತೆಗೆದು ಅದರ ಫೋಟೊ ಹೊಡೆದಿಟ್ಟುಕೊಳ್ಳಿ. ಅದು ಶಾಖಕ್ಕೆ ಅಕ್ಷರ ಮೂಡುವ ನುಣುಪು ಕಾಗದ. ಅಂಗಿಯ ಜೇಬಿನಲ್ಲೋ ಸ್ಕೂಟರಿನ ಡಿಕ್ಕಿಯಲ್ಲೋ ಎರಡು ತಿಂಗಳು ಬಿದ್ದಿದ್ದರೆ ಮೊದಲು ತೂಕ ಮತ್ತು ಮೊತ್ತ, ಆಮೇಲೆ ತಾರೀಖು, ಕೊನೆಗೆ ಆ ಹದಿಮೂರು ಅಕ್ಷರ-ಅಂಕಿಗಳ ನಂಬರು ಮಾಸಿ, ಬಿಳಿ ಚೀಟಿಯಷ್ಟೇ ಉಳಿಯುತ್ತದೆ. ಅಂಥ ಬಿಳಿ ಚೀಟಿಗಳನ್ನು ನನ್ನ ಮೇಜಿನ ಮೇಲೆ ಇಟ್ಟು ‘ಇದೇ ಸಾರ್ ರಸೀದಿ’ ಎಂದವರಿದ್ದಾರೆ. ಟ್ರ್ಯಾಕಿಂಗ್ ವಿವರವೂ ಅಂತರ್ಜಾಲದಲ್ಲಿ ಸದಾಕಾಲ ಇರುವುದಿಲ್ಲ, ನೀವು ಪ್ರಿಂಟ್ ತೆಗೆದಿರುವುದು ಒಳ್ಳೆಯದಾಯಿತು, ಅದರ ಪಿಡಿಎಫ್ ಕೂಡ ಇಟ್ಟುಕೊಳ್ಳಿ. ಸಮೀಕ್ಷೆಗೆ ನಿಮ್ಮನ್ನು ಗಣತಿದಾರನಾಗಿ ನೇಮಿಸಿದ ಆದೇಶದ ಪ್ರತಿಯನ್ನೂ ಶಾಲೆಯಿಂದ ಪಡೆದುಕೊಳ್ಳಿ.

ಆಮೇಲೆ ಪೋರ್ಟಲ್‌ಗೆ ಲಾಗಿನ್ ಆಗಿ, ಸಲ್ಲಿಸಿದ ರಿಟರ್ನ್‌ಗಳ ಪುಟದಲ್ಲಿ ನಿಮ್ಮ ರಿಟರ್ನಿನ ಸ್ಥಿತಿ ನೋಡಿ. ದೃಢೀಕರಣವಾಗಿದೆ ಎಂದಿದ್ದು, ಸಲ್ಲಿಕೆಯ ದಿನಾಂಕ ಸೆಪ್ಟೆಂಬರ್ 12 ಎಂದೇ ಉಳಿದಿದ್ದರೆ ಸಂತೋಷ, ಏನೂ ಮಾಡಬೇಕಾಗಿಲ್ಲ. ದೃಢೀಕರಣಕ್ಕೆ ಬಾಕಿ ಇದೆ ಎಂದೋ ಅಸಿಂಧು ಎಂದೋ ಇದ್ದರೆ ‘ಸರ್ವೀಸಸ್’ ಪಟ್ಟಿಯಲ್ಲಿರುವ ‘ಕಂಡೊನೇಶನ್ ರಿಕ್ವೆಸ್ಟ್’ ತೆರೆದು, ಐಟಿಆರ್-ವಿ ಸಲ್ಲಿಕೆಯಲ್ಲಿ ಆದ ವಿಳಂಬ ಎಂಬುದನ್ನು ಆರಿಸಿ ಅರ್ಜಿ ಹಾಕಬೇಕು. ಇದಕ್ಕೆ ಶುಲ್ಕವಿಲ್ಲ. ಕಾರಣ ಬರೆಯುವಾಗ ‘ಅಂಚೆಯಲ್ಲಿ ತಡವಾಯಿತು’ ಎಂದಷ್ಟೇ ಬರೆದು ಮುಗಿಸಬೇಡಿ, ಅಂಥ ಒಂದು ಸಾಲಿನ ಅರ್ಜಿಗಳು ಸುಲಭವಾಗಿ ಬದಿಗೆ ಸರಿಯುತ್ತವೆ. ಅಪ್‌ಲೋಡ್ ಆದ ದಿನ, ಸರ್ಕಾರದ ಆದೇಶದಂತೆ ಸಮೀಕ್ಷೆಯಲ್ಲಿದ್ದ ದಿನಗಳು, ಬುಕ್ ಮಾಡಿದ ದಿನ, 10ರಂದು ಬೆಂಗಳೂರು ತಲುಪಿದ್ದು, 11 ಮತ್ತು 12 ರಜೆಯಾಗಿದ್ದು, 13ರಂದು ಬಟವಾಡೆಯಾದದ್ದು, ಇಷ್ಟನ್ನೂ ತಾರೀಖಿನ ಕ್ರಮದಲ್ಲಿ ಬರೆದು, ಜನರಲ್ ಕ್ಲಾಸಸ್ ಕಾಯ್ದೆಯ 10ನೇ ಸೆಕ್ಷನ್ನನ್ನು ಉಲ್ಲೇಖಿಸಿ, ವಿಳಂಬವೇ ಆಗಿಲ್ಲವೆಂದು ಮೊದಲು ಕೋರಿ, ಆಗಿದೆಯೆಂದು ಭಾವಿಸಿದರೂ ಮನ್ನಾ ಮಾಡಬೇಕೆಂದು ನಂತರ ಕೋರಿ. ಈ ಎರಡು ಹಂತದ ಕೋರಿಕೆ ಮುಖ್ಯ. ಬರಿಯ ಮನ್ನಾ ಕೇಳಿದರೆ ವಿಳಂಬವಾಗಿದೆ ಎಂದು ನೀವೇ ಒಪ್ಪಿದಂತಾಗುತ್ತದೆ.

ಮೂರನೆಯ ಸಾಧ್ಯತೆಯೂ ಇದೆ. ದೃಢೀಕರಣವಾಗಿದೆ, ಆದರೆ ಸಲ್ಲಿಕೆಯ ದಿನ ಅಕ್ಟೋಬರ್ 13 ಅಥವಾ ಅದಕ್ಕಿಂತ ಈಚಿನದು ಎಂದು ದಾಖಲಾಗಿರಬಹುದು. ಸಿಪಿಸಿಗೆ ರಾಶಿಗಟ್ಟಲೆ ಬರುವ ಲಕೋಟೆಗಳನ್ನು ಬಿಡಿಸಿ ಬಾರ್‌ಕೋಡ್ ಓದಿಸುವ ದಿನಕ್ಕೂ ಅವು ಅಲ್ಲಿ ಬಟವಾಡೆಯಾದ ದಿನಕ್ಕೂ ಅಂತರ ಬೀಳುವುದುಂಟು. ನಿಯಮದಲ್ಲಿರುವುದು ತಲುಪಿದ ದಿನ. ಹಾಗಾಗಿ ಪೋರ್ಟಲ್‌ನಲ್ಲಿರುವ ತಾರೀಖು ಟ್ರ್ಯಾಕಿಂಗ್‌ನ ತಾರೀಖಿಗಿಂತ ಮುಂದಕ್ಕಿದ್ದರೆ ಕುಂದುಕೊರತೆ ವಿಭಾಗದಲ್ಲಿ ತಕ್ಷಣ ದೂರು ಕೊಡಿ. ಹೊಸ ಪದ್ಧತಿಯಲ್ಲಿ ಲೆಕ್ಕ ಹಾಕಿ ಬಾಕಿ ತೋರಿಸಿದ ಸೂಚನಾಪತ್ರ, ಅಂದರೆ 143(1) ಇಂಟಿಮೇಶನ್, ಬಂದರೆ ಅದರ ವಿರುದ್ಧ ತಿದ್ದುಪಡಿ ಅರ್ಜಿಯನ್ನೂ, ಬೇಕಾದರೆ 30 ದಿನದೊಳಗೆ ಮೇಲ್ಮನವಿಯನ್ನೂ ಸಲ್ಲಿಸಬಹುದು. ಈ ಪತ್ರ ಅಂಚೆಯಣ್ಣನ ಕೈಯಲ್ಲಿ ಬರುತ್ತದೆಂದು ಕಾಯಬೇಡಿ, ಬರುವುದು ಇಮೇಲ್‌ಗೆ. ನಿಮ್ಮ ಸಲಹೆಗಾರರು ಅಲ್ಲಿ ತಮ್ಮದೇ ಇಮೇಲ್ ಮತ್ತು ಫೋನ್ ನಂಬರು ಹಾಕಿದ್ದಾರೆಯೇ ಎಂಬುದನ್ನು ಈಗಲೇ ನೋಡಿ, ಹಾಕಿದ್ದರೆ ನಿಮ್ಮದಕ್ಕೆ ಬದಲಾಯಿಸಿ. ನಮ್ಮ ಕಡೆ ಇದು ಬಹಳ ಸಾಮಾನ್ಯ, ಎಷ್ಟೋ ಜನ ಶಿಕ್ಷಕರಿಗೆ ತಮ್ಮ ಹೆಸರಿನ ಬಾಕಿ ನೋಟಿಸು ಗೊತ್ತಾಗುವುದು ಮುಂದಿನ ವರ್ಷದ ರೀಫಂಡು ಅದಕ್ಕೆ ಹೊಂದಾಣಿಕೆಯಾದ ಮೇಲೆ.

ಮನ್ನಾ ಅರ್ಜಿಯ ದಾರಿಯಲ್ಲಿ ಒಂದು ಅಪಾಯವಿದೆ. ಅರ್ಜಿ ಮಂಜೂರಾಗುವವರೆಗೆ ರಿಟರ್ನ್ ದೃಢೀಕರಣವಾದಂತಲ್ಲ, ಅದು ಎಂದು ತೀರ್ಮಾನವಾಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಈ ನಡುವೆ ಡಿಸೆಂಬರ್ 31 ಕಳೆದುಹೋದರೆ ತಡವಾದ ರಿಟರ್ನ್ ಸಲ್ಲಿಸುವ ಬಾಗಿಲೂ ಮುಚ್ಚುತ್ತದೆ. ಆಮೇಲೆ ಅರ್ಜಿ ತಿರಸ್ಕೃತವಾದರೆ ಉಳಿಯುವುದು, ಈ ಗಡುವುಗಳೆಲ್ಲ ಮುಗಿದ ಮೇಲೆ ಸಲ್ಲಿಸುವ ಅಪ್‌ಡೇಟೆಡ್ ರಿಟರ್ನ್ ಆದ ಐಟಿಆರ್-ಯು ಒಂದೇ. ಅದರಲ್ಲಿ ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ ಹನ್ನೆರಡು ತಿಂಗಳಲ್ಲೇ ಶೇ 25 ಹೆಚ್ಚುವರಿ ತೆರಿಗೆ ಕಟ್ಟಬೇಕು, ರೀಫಂಡು ಕೇಳಲೂ ಬರುವುದಿಲ್ಲ. ಹಾಗೆಂದು ಈಗಲೇ ಹೊಸದಾಗಿ ತಡವಾದ ರಿಟರ್ನ್ ಹಾಕಿಬಿಟ್ಟರೆ, ಮೊದಲ ರಿಟರ್ನ್ ಸಕಾಲದ್ದೆಂಬ ನಿಮ್ಮ ವಾದವನ್ನು ನೀವೇ ಕೈಬಿಟ್ಟಂತಾಗಿ, ₹25,800 ಖಚಿತ ನಷ್ಟವಾಗುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಈ ವಾರವೇ ಮನ್ನಾ ಅರ್ಜಿ ಹಾಕಿ, ಹದಿನೈದು ದಿನಕ್ಕೊಮ್ಮೆ ಸ್ಥಿತಿ ನೋಡುತ್ತ, ಉತ್ತರ ಬರದಿದ್ದರೆ ಅದೇ ಅರ್ಜಿಯ ಸಂಖ್ಯೆ ಹಾಕಿ ಕುಂದುಕೊರತೆ ವಿಭಾಗಕ್ಕೆ ಬರೆಯುತ್ತಿದ್ದೆ. ಡಿಸೆಂಬರ್ 20ರವರೆಗೆ ಕಾಯುತ್ತಿದ್ದೆ. ಆಗಲೂ ರಿಟರ್ನ್ ಅಸಿಂಧು ಅಥವಾ ಬಾಕಿ ಎಂದೇ ತೋರಿಸುತ್ತಿದ್ದರೆ, ಮನಸ್ಸಿಗೆ ಕಷ್ಟವಾದರೂ, ಹೊಸ ಪದ್ಧತಿಯಲ್ಲಿ ತಡವಾದ ರಿಟರ್ನ್ ಸಲ್ಲಿಸಿ ಅದೇ ದಿನ ಇ-ವೆರಿಫಿಕೇಶನ್, ಅಂದರೆ ಆನ್‌ಲೈನಿನಲ್ಲೇ ದೃಢೀಕರಣ, ಮುಗಿಸುತ್ತಿದ್ದೆ. ಹಾಗೆ ಸಲ್ಲಿಸಿದ ಮೇಲೂ ಆದಾಯ ತೆರಿಗೆ ಕಾಯ್ದೆಯ 119(2)(ಬಿ) ಸೆಕ್ಷನ್ ಅಡಿಯಲ್ಲಿ ವಿಳಂಬ ಮನ್ನಾ ಕೋರಿ ಪ್ರಧಾನ ಆಯುಕ್ತರ ಮುಂದೆ ಪ್ರತ್ಯೇಕ ಅರ್ಜಿ ಹಾಕುವ ಅವಕಾಶ ಇದ್ದೇ ಇದೆ. ಅದು ನಿಧಾನದ ದಾರಿ, ಒಬ್ಬ ಆಡಿಟರನ್ನು ಕಂಡೇ ಮಾಡಬೇಕಾದ ಕೆಲಸ.

ನಿಮ್ಮೂರಿನ ಹತ್ತಿರದ ಆದಾಯ ತೆರಿಗೆ ಕಚೇರಿಯಲ್ಲಿ ಐಟಿಆರ್-ವಿ ಕೊಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಆಗುತ್ತಿರಲಿಲ್ಲ. ಅದನ್ನು ಸ್ವೀಕರಿಸುವುದು 560500 ಎಂಬ ಪ್ರತ್ಯೇಕ ಪಿನ್‌ಕೋಡ್ ಇರುವ ಬೆಂಗಳೂರಿನ ಸಿಪಿಸಿ ಮಾತ್ರ.

ನೀವು ಕೇಳದೆ ಇದ್ದರೂ ಒಂದು ಮಾತು ಹೇಳಲೇಬೇಕು. ಐಟಿಆರ್-ವಿ ಅಂಚೆಗೆ ಹಾಕಿದ ಮೇಲೆ ಇ-ವೆರಿಫಿಕೇಶನ್ ಮಾಡಬಾರದೆಂಬ ನಿಯಮವಿಲ್ಲ. ಅಕ್ಟೋಬರ್ 10ರ ರಾತ್ರಿ ಟ್ರ್ಯಾಕಿಂಗ್ ನೋಡಿ ಅನುಮಾನ ಬಂದಾಗ ಮನೆಯಲ್ಲೇ ಕುಳಿತು ದೃಢೀಕರಿಸಿದ್ದರೆ ಆ ಲಕೋಟೆ ಎಂದು ತಲುಪಿದರೂ ಚಿಂತೆ ಇರುತ್ತಿರಲಿಲ್ಲ. ಆಧಾರ್ ಒಟಿಪಿ ಒಂದೇ ದಾರಿಯೆಂದು ನಿಮಗೆ ಯಾರೋ ಹೇಳಿದಂತಿದೆ. ನಿಮ್ಮ ಸಂಬಳದ ಖಾತೆಗೆ ನೆಟ್ ಬ್ಯಾಂಕಿಂಗ್ ಇದ್ದರೆ ಅಲ್ಲಿಂದಲೇ ಪೋರ್ಟಲ್‌ಗೆ ಹೋಗಿ ದೃಢೀಕರಿಸಬಹುದು. ಪೋರ್ಟಲ್‌ನಲ್ಲಿ ಮೊದಲೇ ಮಾನ್ಯ ಮಾಡಿಸಿಟ್ಟ ಬ್ಯಾಂಕ್ ಖಾತೆಯ ಅಥವಾ ಡಿಮ್ಯಾಟ್ ಖಾತೆಯ ಮೊಬೈಲಿಗೆ ಬರುವ ಕೋಡ್ ಬಳಸಬಹುದು. ಕೆಲವು ಬ್ಯಾಂಕುಗಳ ಎಟಿಎಂನಲ್ಲೂ ಆ ಕೋಡ್ ಪಡೆಯಬಹುದು. ನಿಮ್ಮ ಆಧಾರ್‌ಗೆ ಹೊಸ ಮೊಬೈಲ್ ನಂಬರು ಸೇರಿಸುವ ಕೆಲಸವನ್ನಂತೂ ಡಿಸೆಂಬರ್ ಬರುವುದರೊಳಗೆ ಮುಗಿಸಿ, 20ರಂದು ಹೊಸ ರಿಟರ್ನ್ ಹಾಕಬೇಕಾಗಿ ಬಂದರೆ ಮತ್ತೆ ಲಕೋಟೆ ಹುಡುಕುವ ಸ್ಥಿತಿ ಬರಬಾರದು. ಅದಕ್ಕೆ ಜಿಲ್ಲಾ ಕೇಂದ್ರದ ಆಧಾರ್ ಕೇಂದ್ರಕ್ಕೇ ಹೋಗಬೇಕೆಂದೇನೂ ಇಲ್ಲ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್‌ಗಳೇ ಮನೆಗೆ ಬಂದು ಬೆರಳಚ್ಚು ಪಡೆದು ನಂಬರು ಬದಲಾಯಿಸಿ ಕೊಡುವ ಸೇವೆ 2021ರಿಂದ ಇದೆ. ನಿಮ್ಮ ಬೀದಿಗೆ ದಿನವೂ ಬರುವ ಪೋಸ್ಟ್‌ಮ್ಯಾನ್‌ರನ್ನು ನಾಳೆಯೇ ಕೇಳಿ ನೋಡಿ, ಆ ಸೇವೆಯ ಯಂತ್ರ ಅವರ ಬಳಿ ಇಲ್ಲದಿದ್ದರೆ ಯಾರ ಬಳಿ ಇದೆ ಎಂಬುದನ್ನಾದರೂ ಹೇಳುತ್ತಾರೆ.